ಬಾಗಿಲಾಚೆ ಮಗಳು

ಕೆಮ್ಮು ಯಾವತ್ತು ಶುರುವಾಯಿತು ಎಂದು ಡಾಕ್ಟರು ಕೇಳಿದಾಗ ನನಗೆ ಹೇಳಲು ಆಗಲಿಲ್ಲ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹನ್ನೊಂದು ವರ್ಷ ದುಡಿದವಳಿಗೆ ಕೆಮ್ಮು ಒಂದು ಕಾಯಿಲೆ ಅನ್ನಿಸುವುದೇ ಇಲ್ಲ. ಬಟ್ಟೆಯ ಧೂಳು ರೆಪ್ಪೆಯ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ ಬಂದು ಕೂರುವ ಜಾಗ ಅದು. ಅಲ್ಲಿ ಎಲ್ಲರೂ ಕೆಮ್ಮುತ್ತಾರೆ. ಸಂಜೆಯಾದರೆ ಸಣ್ಣಗೆ ಜ್ವರ ಬರುತ್ತಿತ್ತು, ಅದನ್ನು ಆಯಾಸ ಅಂದುಕೊಂಡೆ. ಸೀರೆಯ ನೆರಿಗೆ ಎರಡು ಹೆಚ್ಚಾಯಿತು. "ಅಕ್ಕಾ, ಇಳೆಚ್ಚುಟ್ಟೀಂಗಳೇ, ಡಯಟ್ಟಾ?" ಎಂದು ನನ್ನ ಕೈಕೆಳಗಿನ ಹುಡುಗಿಯರು ಕೇಳಿದರು. ಸಣ್ಣಗಾಗಿದ್ದೀರಲ್ಲ ಅಂತ. ನನಗೆ ಒಳಗೊಳಗೇ ಖುಷಿಯಾಗಿತ್ತು.

ನಾನು ಗಾಯತ್ರಿ. ಹುಟ್ಟಿದ್ದು ಕೊಳ್ಳೇಗಾಲದಲ್ಲಿ. ತಮಿಳು ಸೀಮೆಯ ಸಿರುಮುಗೈಯಲ್ಲಿ ರೇಷ್ಮೆ ಸೀರೆ ನೇಯುವ ಮನೆಗೆ ಸೊಸೆಯಾಗಿ ಬಂದೆ. ತಲೆಮಾರುಗಳ ಹಿಂದೆ ಆ ಕಡೆ ಹೋಗಿ ನೆಲೆಸಿದ ಕನ್ನಡದ ನೇಕಾರರು ಅವರು. ನನ್ನ ಗಂಡ ಸೆಂದಿಲ್ ಮಗ್ಗ ಬಿಟ್ಟು ತಿರುಪ್ಪೂರಿನ ನಿಟ್ಟಿಂಗ್ ಯೂನಿಟ್ಟಿನಲ್ಲಿ ಫಿಟ್ಟರ್ ಆದರು. ನಾನು ಕಂಪನಿ ಸೇರಿ, ಒಂಬತ್ತು ವರ್ಷ ಮೇಜಿನ ಮುಂದೆ ನಿಂತು ಪೀಸು ತಿರುವಿ, ಕೊನೆಗೆ ಚೆಕಿಂಗ್ ಸೂಪರ್‌ವೈಸರ್ ಆದೆ. ಹೊಲಿದು ಬಂದ ಟೀ ಶರ್ಟುಗಳಲ್ಲಿ ಬಿಟ್ಟ ಹೊಲಿಗೆ, ಎಣ್ಣೆ ಕಲೆ, ಸೂಜಿ ತೂತು ಹುಡುಕಿಸುವುದು ನನ್ನ ಕೆಲಸ. ನಾಲ್ಕು ವರ್ಷದ ಹಿಂದೆ ನಮ್ಮ ಮಗಳು ಮಿತ್ರಾ ಹುಟ್ಟಿದಾಗ ಅವಳನ್ನು ನೋಡಿಕೊಳ್ಳಲು ಅತ್ತೆ ತಮ್ಮ ಮಗ್ಗವನ್ನು ದೊಡ್ಡ ಮಗನಿಗೆ ಒಪ್ಪಿಸಿ ನಮ್ಮಲ್ಲಿಗೆ ಬಂದರು. ಮನೆಯಲ್ಲಿ ನಾವು ಆಡುವುದು ಕನ್ನಡ. ಆದರೆ ಅವರ ಕನ್ನಡಕ್ಕೆ ತಮಿಳಿನ ನಡಿಗೆ. ಈಗ ನಾನು ಬರೆಯುತ್ತಿರುವ ಅಕ್ಷರ ನನ್ನ ಗಂಡನಿಗಾಗಲಿ ಅತ್ತೆಗಾಗಲಿ ಓದಲು ಬರುವುದಿಲ್ಲ.

ಬೆಳಗ್ಗೆ ಎಂಟಕ್ಕೆ ಕಂಪನಿ ವ್ಯಾನು ಬೀದಿಯ ತುದಿಗೆ ಬರುತ್ತಿತ್ತು. ಅಷ್ಟರೊಳಗೆ ಮೂರು ಡಬ್ಬಿ ಕಟ್ಟಿ, ಮಿತ್ರಾಳಿಗೆ ಜಡೆ ಹಾಕಿ, ಒಗೆಯುವ ಬಟ್ಟೆ ನೆನೆಸಿ ಓಡಬೇಕು. ಸಂಜೆ ಬಂದ ಮೇಲೆ ಅವಳು ನನ್ನ ಕತ್ತಿಗೆ ಜೋತುಬಿದ್ದರೆ ಮಲಗುವ ತನಕ ಇಳಿಯುತ್ತಿರಲಿಲ್ಲ. ಹಗಲೆಲ್ಲ ಬಿಟ್ಟು ಹೋದದ್ದಕ್ಕೆ ನಾನೂ ಇಳಿಸುತ್ತಿರಲಿಲ್ಲ. ನನ್ನ ಗದ್ದದ ಕೆಳಗೆ ಮುಖವಿಟ್ಟು ನಿದ್ದೆ ಮಾಡುವುದು ಅವಳ ಅಭ್ಯಾಸ. ಎರಡು ತಿಂಗಳೋ ಮೂರೋ ನಾನು ಕೆಮ್ಮುತ್ತಲೇ ಇದ್ದೆ, ಅವಳು ಅಲ್ಲೇ ಮಲಗುತ್ತಿದ್ದಳು.

ಒಂದು ದಿನ ಕಂಪನಿಯ ಬಾತ್‌ರೂಮಿನಲ್ಲಿ ಕೆಮ್ಮಿ ಕೆಮ್ಮಿ ಕರ್ಚೀಫು ತೆಗೆದು ನೋಡಿದರೆ ರಕ್ತ. ಉಗುರಿನಷ್ಟು ಅಗಲ. ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಆ ವಾರ ಬಯ್ಯರ್ ಕಡೆಯವರು ಇನ್‌ಸ್ಪೆಕ್ಷನ್‌ಗೆ ಬರುವವರಿದ್ದರು. ಮೊದಲು ಇನ್‌ಸ್ಪೆಕ್ಷನ್ ಮುಗಿಯಲಿ ಎಂದು ಬಾಯಿ ಮುಕ್ಕಳಿಸಿ, ಸೆರಗಿನ ಪಿನ್ನು ಸರಿಮಾಡಿಕೊಂಡು ಮೇಜಿನ ಹತ್ತಿರ ವಾಪಸು ಹೋದೆ. ನಾಲ್ಕು ದಿನ ಯಾರಿಗೂ ಹೇಳಲಿಲ್ಲ. ಈ ನಾಲ್ಕು ದಿನಗಳನ್ನು ಬರೆಯದೆ ಬಿಡಬಹುದಿತ್ತು. ಆದರೆ ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗ ಹಾಗೆಯೇ ಕರ್ಚೀಫು ತೊಳೆಯುತ್ತಿದ್ದರೆ, ಅವರಿಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಇನ್‌ಸ್ಪೆಕ್ಷನ್‌ನಲ್ಲಿ ನಮ್ಮ ಮಾಲಿನ ಲಾಟು ಪಾಸಾಯಿತು. ಮ್ಯಾನೇಜರ್ ಎಲ್ಲರಿಗೂ ಮೈಸೂರ್‌ಪಾಕ್ ಕೊಡಿಸಿದರು. ಮಾರನೆಯ ಬೆಳಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರದ ಕ್ಲಿನಿಕ್ಕಿಗೆ ಒಬ್ಬಳೇ ಹೋದೆ. ಎಕ್ಸ್‌ರೇ ನೋಡಿದ ಡಾಕ್ಟರು ಚೀಟಿ ಬರೆದು, ಸರ್ಕಾರಿ ಆಸ್ಪತ್ರೆಯ ಎದೆರೋಗದ ವಿಭಾಗಕ್ಕೆ ಇವತ್ತೇ ಹೋಗಿ ಅಂದರು. ಇನ್ನೊಂದು ಮಾತು ಕೇಳಿದರು: "ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?"

ಆ ವಿಭಾಗ ಮುಖ್ಯ ಕಟ್ಟಡದ ಹಿಂದೆ ಬೇರೆಯಾಗಿತ್ತು. ಹೊರಗೆ ತಗಡಿನ ಚಾವಣಿ, ಕೆಳಗೆ ಉದ್ದನೆಯ ಬೆಂಚುಗಳು. ಕೂತವರೆಲ್ಲ ತಲೆ ತಗ್ಗಿಸಿದ್ದರು. ಸರ್ಕಾರಿ ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಅರ್ಧ ಗಂಟೆ ಕೂತರೆ ಪಕ್ಕದವರು ಯಾವ ಊರು ಎಂದು ಕೇಳುತ್ತಾರೆ. ಇಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಎದುರಿನ ಬೆಂಚಿನಲ್ಲಿ ದುಪಟ್ಟಾ ಮುಚ್ಚಿಕೊಂಡು ಕೂತವಳ ಕಣ್ಣು ನೋಡಿ ನನಗೆ ಗುರುತು ಸಿಕ್ಕಿತು. ಪೊನ್ನಿ. ನಮ್ಮ ಕಂಪನಿಯ ಓವರ್‌ಲಾಕ್ ಟೈಲರ್. ಅವಳೂ ನನ್ನನ್ನು ಗುರುತಿಸಿದಳು. ಇಬ್ಬರೂ ಒಟ್ಟಿಗೇ ಮುಖ ತಿರುಗಿಸಿಕೊಂಡೆವು.

ಕಫದ ಪರೀಕ್ಷೆಯ ಫಲಿತಾಂಶ ಮರುದಿನ ಬಂತು. ಟಿಬಿ. ಆರು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಬಾರದು. ಮೊದಲ ಎರಡು ವಾರ ಕೆಲಸಕ್ಕೆ ಹೋಗುವ ಹಾಗಿಲ್ಲ, ಗಾಳಿಯಾಡುವ ಬೇರೆ ಕೋಣೆಯಲ್ಲಿ ಮಾಸ್ಕ್ ಹಾಕಿಕೊಂಡಿರಬೇಕು. ಮನೆಯವರೆಲ್ಲರೂ ಪರೀಕ್ಷೆಗೆ ಬರಬೇಕು, ಮಗು ಎಲ್ಲರಿಗಿಂತ ಮೊದಲು. ಡಾಕ್ಟರಮ್ಮ ಇನ್ನೂ ಚಿಕ್ಕವರು. ಗಟ್ಟಿಯಾಗಿ, ಅವಸರವಿಲ್ಲದೆ ಹೇಳಿದರು: "ವಾಸಿಯಾಗುವ ಕಾಯಿಲೆ ಇದು. ಭಯಪಡಬೇಡಿ." ಅವರ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಹಿಂದಕ್ಕೆ ಎಣಿಸುತ್ತಿದ್ದೆ, ಮಿತ್ರಾ ಎಷ್ಟು ದಿನ ನನ್ನ ಉಸಿರಿನ ಕೆಳಗೆ ಮಲಗಿದ್ದಾಳೆ ಎಂದು.

ಸೆಂದಿಲ್ ಯೂನಿಟ್ಟಿನಿಂದ ನೇರ ಬಂದರು. ಆಸ್ಪತ್ರೆಯ ಗೇಟಿನ ಹೊರಗಿನ ಟೀ ಅಂಗಡಿಯ ಪಕ್ಕ ನಿಂತು ಹೇಳಿದೆ. ಬೈಕಿನ ಹ್ಯಾಂಡಲ್ ಮೇಲಿದ್ದ ನನ್ನ ಕೈಯ ಪಕ್ಕದಿಂದ ಅವರ ಕೈ ಒಂದಿಷ್ಟು ಸರಿಯಿತು. ಬೇಕೆಂದು ಸರಿಸಿದ್ದಲ್ಲ, ಅದು ನನಗೂ ಗೊತ್ತು.

"ಪಾಪಾಗೆ?" ಅಂದರು.

"ನೋಡ್ಬೇಕಂತೆ. ನಾಳೆ ಕರ್ಕೊಂಡ್ ಬನ್ನಿ ಅಂದಿದಾರೆ."

"ಎಷ್ಟ್ ದಿನದಿಂದ ಇದು?"

"ಗೊತ್ತಿಲ್ಲ."

"ರಕ್ತ ಬಂದ್ಮೇಲೂ ನಾಲ್ಕ್ ದಿನ ಯಾರಿಗೂ ಹೇಳ್ಲಿಲ್ಲ ಅಂದೆಯಲ್ಲ ಈಗ? ನಾಲ್ಕ್ ದಿನ ಏನ್ ಮಾಡ್ತಿದ್ದೆ ಗಾಯತ್ರಿ?"

ಇನ್‌ಸ್ಪೆಕ್ಷನ್ ಇತ್ತು ಎಂದು ಹೇಳದೆ ಬೈಕಿನ ಹಿಂದೆ ಹತ್ತಿ ಕೂತೆ.

ಮನೆಯಲ್ಲಿ ಅತ್ತೆ ಕೇಳಿಸಿಕೊಂಡರು. ಒಂದು ಪ್ರಶ್ನೆಯೂ ಕೇಳದೆ ಅಡುಗೆಮನೆಗೆ ಹೋದರು. ಸ್ಟೀಲಿನ ಪಾತ್ರೆಗಳ ಸದ್ದಾಯಿತು. ಒಂದು ತಟ್ಟೆ, ಒಂದು ಲೋಟ, ಒಂದು ಚೊಂಬು ತಂದು ನನ್ನ ಕೋಣೆಯ ಹೊಸ್ತಿಲಲ್ಲಿ ಇಟ್ಟರು. ಆಮೇಲೆ ನನ್ನ ಹಾಸಿಗೆಯಿಂದ ಮಿತ್ರಾಳ ದಿಂಬು ಎತ್ತಿಕೊಂಡರು. "ಪಾಪಾ ಇನ್ಮೇಲೆ ನನ್ ಪಕ್ಕ" ಅಂದರು. ಅಷ್ಟೇ. ನನ್ನ ಮುಖವನ್ನೂ ನೋಡಲಿಲ್ಲ.

ಬೇರೆ ಇರಬೇಕು ಎಂದು ಡಾಕ್ಟರು ಹೇಳಿದ್ದಕ್ಕೇ ಅವರು ಹಾಗೆ ಮಾಡಿದ್ದು. ಆದರೂ ಆ ತಟ್ಟೆಯನ್ನು ನೋಡಿ ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ನಾಲ್ಕು ವರ್ಷ ಒಂದೇ ಪಾತ್ರೆಯಲ್ಲಿ ಉಂಡವರು ಇಷ್ಟು ಬೇಗ ಹೇಗೆ ಬೇರೆ ಮಾಡಿದರು? ಬಾಗಿಲು ಮುಚ್ಚಿದ ಮೇಲೆ ಮಿತ್ರಾ ಅಂಗೈಯಲ್ಲಿ ಅದನ್ನು ಬಡಿಯತೊಡಗಿದಳು. "ಅಮ್ಮಾ, ನಾನ್ ಏನ್ ತಪ್ಪ್ ಮಾಡ್ದೆ?" ನಾನು ಈ ಕಡೆ ನೆಲದ ಮೇಲೆ ಕೂತು, ಬಾಯಿಗೆ ಮಾಸ್ಕ್ ಒತ್ತಿ ಹಿಡಿದುಕೊಂಡಿದ್ದೆ. ಅತ್ತೆ ಬಂದು ಅವಳನ್ನು ಎತ್ತಿಕೊಂಡು ಹೋದರು.

ಮರುದಿನ ಆಸ್ಪತ್ರೆಯಲ್ಲಿ ಮಿತ್ರಾಳ ಮುಂಗೈ ಚರ್ಮದೊಳಗೆ ಒಂದು ಸಣ್ಣ ಇಂಜೆಕ್ಷನ್ ಕೊಟ್ಟು, ಸುತ್ತ ನೀಲಿ ಪೆನ್ನಿನಲ್ಲಿ ವೃತ್ತ ಬರೆದರು. ಎರಡು ದಿನ ಬಿಟ್ಟು ಬರಬೇಕು. ಊತ ಬಂದರೆ ರೋಗದ ಬೀಜ ಮೈಸೇರಿದೆ ಎಂದು ಅರ್ಥ. ಉಜ್ಜಬಾರದು, ಕೆರೆಯಬಾರದು.

ಆ ಎರಡು ದಿನಗಳಲ್ಲಿ ನನಗೆ ಬೇರೆ ಕೆಲಸವೇ ಇರಲಿಲ್ಲ. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಮೂತ್ರ ಕೆಂಪಗೆ ಹೋಗಿ, ಮೊದಲ ಸಲ ಹೆದರಿ ಗೋಡೆ ಹಿಡಿದು ನಿಂತೆ. ಅದು ಮಾತ್ರೆಯ ಬಣ್ಣ ಎಂದು ನರ್ಸ್ ಹೇಳಿದ್ದು ಆಮೇಲೆ ನೆನಪಾಯಿತು. ನನ್ನ ಕೋಣೆಯ ಕಿಟಕಿ ಹಿತ್ತಲಿಗೆ ತೆರೆದಿತ್ತು. ಅತ್ತೆ ಮಿತ್ರಾಳನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರಿಸಿಕೊಂಡು ಅನ್ನ ತಿನ್ನಿಸುತ್ತಿದ್ದರು. "ಕೈ ತೋರ್ಸು ಪುಟ್ಟಾ" ಎಂದರೆ ಅವಳು ಅಲ್ಲಿಂದಲೇ ಎತ್ತಿ ತೋರಿಸುತ್ತಿದ್ದಳು. ಸೂಜಿ ತೂತು ಹುಡುಕುವ ಕಣ್ಣಿಗೆ ಹತ್ತಡಿ ದೂರದ ಆ ಕೈ ಮೇಲೆ ಏನೂ ಕಾಣಿಸುತ್ತಿರಲಿಲ್ಲ.

ಅದರ ನಡುವೆ ಫೋನು. ಕಂಪನಿಗೆ ಟೈಫಾಯ್ಡ್ ಎಂದು ಸುಳ್ಳು ಹೇಳಿದ್ದೆ. ಮ್ಯಾನೇಜರ್ ದಿನಕ್ಕೆ ಐದಾರು ಸಲ ಮಾಡುತ್ತಿದ್ದರು. ಅಪ್ರೂವಲ್ ಸ್ಯಾಂಪಲ್ ಯಾವ ಬೀರುವಿನಲ್ಲಿದೆ? ನೇವಿ ಬಣ್ಣದ ಲಾಟಿನ ರಿಪೋರ್ಟ್ ಎಲ್ಲಿ? ಮಾಸ್ಕಿನೊಳಗಿಂದಲೇ ಉತ್ತರ ಕೊಡುತ್ತಿದ್ದೆ. ನಾಚಿಕೆಯ ಸಂಗತಿ ಎಂದರೆ, ಆ ಫೋನು ಬಂದಾಗ ಸ್ವಲ್ಪ ಹಗುರವಾಗುತ್ತಿತ್ತು. ಅಲ್ಲಾದರೂ ನಾನು ಬೇಕಾದವಳು.

ಎರಡನೆಯ ದಿನ ಮಧ್ಯಾಹ್ನ ಸಿರುಮುಗೈಯಿಂದ ಭಾವನವರ ಫೋನು ಬಂತು. ಸೆಂದಿಲ್ ಅವರ ಅಣ್ಣ. ಸ್ಪೀಕರಿನಲ್ಲಿತ್ತು, ಬಾಗಿಲ ಸಂದಿಯಿಂದ ಕೇಳಿಸಿತು. "ಪಾಪಾನ ಇಲ್ಲಿ ಬಿಟ್ಬುಡು ತಂಬಿ. ಆರ್ ತಿಂಗ್ಳು ನಮ್ಮ ಮಕ್ಕಳ ಜೊತೆ ಇರ್ಲಿ. ಅವ್ಳಿಗೂ ರೆಸ್ಟ್ ಆಗುತ್ತೆ." ಸೆಂದಿಲ್ "ಸರಿಣ್ಣಾ, ನಾಳೆ ರಿಸಲ್ಟ್ ನೋಡ್ಕೊಂಡು ಕರ್ಕೊಂಡ್ ಬರ್ತೀನಿ" ಅಂದರು. ನನ್ನನ್ನು ಕೇಳಲಿಲ್ಲ. ಅತ್ತೆ ಅಲ್ಲೇ ಇದ್ದರು. ಅವರೂ ಏನೂ ಹೇಳಲಿಲ್ಲ.

ಬಾಗಿಲು ತೆರೆದು ನಿಂತೆ. "ನನ್ ಮಗಳನ್ನ ಎಲ್ಲಿಗೂ ಕಳ್ಸಲ್ಲ" ಅಂದೆ.

"ಅವಳ ಒಳ್ಳೇದಕ್ಕೇ ಹೇಳ್ತಿರೋದು. ನೀನು ಮೊದ್ಲೇ ಯೋಚ್ನೆ ಮಾಡಿದ್ರೆ ಈ ಕಷ್ಟ ಬರ್ತಿತ್ತಾ?" ಅಂದರು ಸೆಂದಿಲ್. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ಮಿತ್ರಾ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಗ ಅವಳ ಕೈ ನನ್ನ ಕಡೆ ತಿರುಗಿತು. ನೀಲಿ ವೃತ್ತದೊಳಗೆ ಚರ್ಮ ಕೆಂಪಗೆ ಉಬ್ಬಿತ್ತು.

ಸೆಂದಿಲ್ ಬಗ್ಗಿ ಆ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು.

ಮೂರನೆಯ ದಿನ ನರ್ಸ್ ಸಣ್ಣ ಸ್ಕೇಲು ಇಟ್ಟು ಊತ ಅಳೆದರು. ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ. "ಎಕ್ಸ್‌ರೇ ತೆಗೆಸಿ" ಎಂದು ಚೀಟಿ ಕೊಟ್ಟರು. ಅತ್ತೆಗೂ ಸೆಂದಿಲ್‌ಗೂ ಅದೇ ದಿನ ಎಕ್ಸ್‌ರೇ. ಮಿತ್ರಾ ಯಂತ್ರ ನೋಡಿ ಕಿರುಚಿದಳು, ನನ್ನ ಕಡೆ ಎರಡೂ ಕೈ ಚಾಚಿದಳು. ನಾನು ಕಾರಿಡಾರಿನ ಇನ್ನೊಂದು ತುದಿಯಲ್ಲಿ ಮಾಸ್ಕ್ ಹಾಕಿ ನಿಂತಿದ್ದೆ. ಹತ್ತಿರ ಹೋಗುವ ಹಾಗಿರಲಿಲ್ಲ. ಸೆಂದಿಲ್ ಎತ್ತಿಕೊಂಡು ಒಳಗೆ ಹೋದರು. ಬಾಗಿಲಿನ ಮೇಲೆ ಕೆಂಪು ದೀಪ ಹತ್ತಿತು.

ಸರಿಯಾಗಿ ಆಗ ನನ್ನ ಫೋನು. ಮ್ಯಾನೇಜರ್.

"ಗಾಯತ್ರಿ, ಸೋಮವಾರ ಹೇಗಾದರೂ ಬಂದುಬಿಡಮ್ಮ. ಟೈಫಾಯ್ಡ್‌ಗೆ ಒಂದು ವಾರ ಸಾಕು. ಇಲ್ಲಿ ಲಾಟು ನಿಂತಿದೆ" ಅಂದರು ತಮಿಳಿನಲ್ಲಿ.

ಆ ಕೆಂಪು ದೀಪ ನೋಡುತ್ತಲೇ ಹೇಳಿದೆ: "ಸಾರ್, ನನಗೆ ಟೈಫಾಯ್ಡ್ ಅಲ್ಲ. ಟಿಬಿ. ನನ್ನ ಮಗಳಿಗೂ ಇದೆಯಾ ಅಂತ ಈಗ ಒಳಗೆ ನೋಡ್ತಿದ್ದಾರೆ. ಎರಡು ವಾರ ನಾನು ಬರೋ ಹಾಗಿಲ್ಲ. ನನ್ನ ಮೇಜಿನಲ್ಲಿ ಕೆಲಸ ಮಾಡೋರನ್ನೂ ಪರೀಕ್ಷೆಗೆ ಕಳಿಸಿ."

ಆ ಕಡೆಯಿಂದ "ಸರಿ" ಎಂದು ಫೋನು ಕಟ್ಟಾಯಿತು. ನನ್ನ ಕೆಲಸ ಹೋಯಿತು ಅಂದುಕೊಂಡೆ. ಆ ಹೊತ್ತಿಗೆ ಅದೂ ದೊಡ್ಡದಾಗಿ ಕಾಣಲಿಲ್ಲ.

ಫಿಲ್ಮುಗಳು ಬರಲು ಒಂದೂವರೆ ಗಂಟೆ ಹಿಡಿಯಿತು. ಡಾಕ್ಟರಮ್ಮ ಮೊದಲು ಮಿತ್ರಾಳದ್ದನ್ನು ಬೆಳಕಿಗೆ ಹಿಡಿದರು. ನೋಡಿದರು. ಮತ್ತೆ ನೋಡಿದರು. ಅವಳ ತೂಕ ಕೇಳಿದರು, ಜ್ವರ ಬಂದಿತ್ತೇ, ಊಟ ಮಾಡುತ್ತಾಳೆಯೇ ಎಂದು ಕೇಳಿದರು. ಎಲ್ಲಕ್ಕೂ ಅತ್ತೆಯೇ ಉತ್ತರ ಕೊಟ್ಟರು.

"ಎದೆ ಶುಭ್ರವಾಗಿದೆ. ಬೀಜ ಮೈಸೇರಿದೆ, ಮೊಳೆತಿಲ್ಲ. ಮೊಳೆಯದ ಹಾಗೆ ಮಾತ್ರೆ ಕೊಡೋಣ. ಮಗುವಿಗೆ ಕಾಯಿಲೆ ಇಲ್ಲ" ಅಂದರು.

ಸೆಂದಿಲ್ ಮಗಳ ತಲೆಗೆ ತಮ್ಮ ತಲೆ ಹಚ್ಚಿ ನಿಂತುಬಿಟ್ಟರು. ನಾನು ಗೋಡೆಗೆ ಒರಗಿದೆ. ಡಾಕ್ಟರಮ್ಮ ಅಷ್ಟರಲ್ಲಿ ಸೆಂದಿಲ್‌ದೂ ಶುಭ್ರ ಎಂದು ಪಕ್ಕಕ್ಕಿಟ್ಟು ಅತ್ತೆಯ ಫಿಲ್ಮ್ ಎತ್ತಿದ್ದರು. ಬಲಗಡೆ ಮೇಲ್ಭಾಗದಲ್ಲಿ ಬೆರಳಿಟ್ಟು ಕೇಳಿದರು: "ಅಜ್ಜೀ, ನಿಮಗೆ ಮುಂಚೆ ಯಾವಾಗಲಾದರೂ ಟಿಬಿ ಬಂದಿತ್ತಾ? ಇಲ್ಲಿ ಹಳೆಯ ಗಾಯದ ಗುರುತಿದೆ."

ಅತ್ತೆ ನನ್ನ ಕಡೆ ನೋಡಿದರು, ಮಗನ ಕಡೆ ನೋಡಿದರು. ಸೆರಗನ್ನು ಭುಜದ ಮೇಲೆ ಎಳೆದುಕೊಂಡು, "ಆಮಾಂ" ಅಂದರು. ಹೌದು ಅಂತ.

ಹೊರಗಿನ ಬೆಂಚಿನಲ್ಲಿ ಕೂತಾಗ ಸೆಂದಿಲ್ ತಾಯಿಯ ಕಡೆ ತಿರುಗಿದರು. "ಯಾವಾಗವ್ವಾ?" ಎಂದು ಕೇಳಿದರು.

"ನೀನು ಎಂಟ್ ತಿಂಗ್ಳು ಕೂಸು. ಮಗ್ಗದ ಗುಂಡೀಲಿ ಕೂತು ಕೆಮ್ತಾ ಇದ್ದೆ. ನೂಲಿನ ಧೂಳು ಅಂದ್ರು. ಆಮ್ಯಾಲೆ ರಕ್ತ ಬಂತು. ನಿಮ್ಮಪ್ಪನ ಮನೇವ್ರು ನನ್ನ ತಾಯಿ ಮನೆಗೆ ಕಳ್ಸುಟ್ರು. ನಿನ್ನ ಅವ್ರ ತಾವೇ ಇಟ್ಕೊಂಡ್ರು. ಒಂದೂಕಾಲ್ ವರ್ಷ. ದಿನಾ ಇಂಜೆಕ್ಷನ್ನು." ಅವರು ಮಿತ್ರಾಳ ಜಡೆ ಸವರಿದರು. "ವಾಸಿಯಾಗಿ ಬಂದ್ರೆ ನೀನು ನಿಮ್ಮ ದೊಡ್ಡಮ್ಮನ್ನ ಅವ್ವ ಅಂತಿದ್ದೆ. ನಾನ್ ಎತ್ಕೊಂಡ್ರೆ ಕಿರುಚ್ತಿದ್ದೆ, ಯಾರೋ ಅನ್ನೊ ಹಂಗೆ. ಒಂದ್ ತಿಂಗ್ಳಲ್ಲ ಎರಡ್ ತಿಂಗ್ಳಲ್ಲ, ಬೋ ದಿನ."

"ನಂಗೆ ಯಾರೂ ಹೇಳ್ಲಿಲ್ವಲ್ಲ."

"ಯಾರ್ ಹೇಳ್ತಾರೆ? ಹೇಳಿದ್ರೆ ನಿನ್ ಅಣ್ಣಂಗೂ ನಿಂಗೂ ಹೆಣ್ಣು ಯಾರ್ ಕೊಡ್ತಿದ್ರು? ನಿಮ್ಮಪ್ಪ ಸಾಯೊ ತನ್ಕ ಬಾಯಿ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ತಟ್ಟೆ ಬ್ಯಾರೆ ಮಾಡ್ದೆ ಅಂತ ನಿಂಗೆ ಕೋಪ. ನಂಗೆ ಕಾಣ್ತು. ಅವತ್ತು ನಂಗೆ ಅಂಗೇ ಮಾಡಿದ್ರು, ಅಷ್ಟೇ ನಂಗೆ ತಿಳ್ದಿದ್ದು. ಆದ್ರೆ ಪಾಪಾನ ಕಳ್ಸದು ಬ್ಯಾಡ ಸೆಂದಿಲ್. ಎರಡ್ ವಾರ ದೂರ ಇರ್ಲಿ, ತಾಯಿ ಕಣ್ಣಿಗೆ ಕಾಣೊ ದೂರದಾಗೆ ಇರ್ಲಿ. ಅಣ್ಣಂಗೆ ನಾನೇ ಹೇಳ್ಕೊಳ್ತೀನಿ."

ಸೆಂದಿಲ್ ತಾಯಿಯ ಮಂಡಿಯ ಮೇಲೆ ಕೈ ಇಟ್ಟರು.

ಒಂದು ಮಾತು ಒಪ್ಪಿಕೊಳ್ಳಬೇಕು. ಅದೇ ಬೆಂಚಿನಲ್ಲಿ ಒಂದು ಕ್ಷಣ ನನ್ನ ತಲೆಗೆ ಬಂದದ್ದು ಕರುಣೆಯಲ್ಲ. ಹಾಗಾದರೆ ಇದು ಇವರಿಂದ ಬಂದಿರಬಹುದೇ, ನನ್ನ ತಪ್ಪಲ್ಲವೇ ಎಂಬ ಆಸೆ. ಡಾಕ್ಟರಮ್ಮನನ್ನು ಕೇಳಿಯೂ ಬಿಟ್ಟೆ. "ಅವರದು ಎಂದೋ ಒಣಗಿದ ಗಾಯ. ನಿಮಗೆ ಬಸ್ಸಲ್ಲಿ ಬಂತೋ, ಕೆಲಸದಲ್ಲಿ ಬಂತೋ, ಯಾರೂ ಹೇಳಲಾರರು. ಹುಡುಕಿ ಏನು ಮಾಡ್ತೀರಿ? ಮತ್ತೆ, ತಟ್ಟೆ ಬೇರೆ ಮಾಡೋದು ಬೇಡ, ತಟ್ಟೆಯಿಂದ ಇದು ಬರೋದಿಲ್ಲ" ಅಂದರು. ಅತ್ತೆ ಆ ಮಾತನ್ನು ಇನ್ನೊಂದು ಸಲ ಹೇಳಿಸಿಕೊಂಡು ಕೇಳಿದರು. ಮನೆಗೆ ಹೋದ ಮೇಲೆ ಹೊಸ್ತಿಲಿನಲ್ಲಿದ್ದ ತಟ್ಟೆಯನ್ನು ಒಳಗೆ ಒಯ್ದು ಉಳಿದವುಗಳ ಜೊತೆ ತೊಳೆದಿಟ್ಟರು.

ಉಳಿದ ದಿನಗಳು ಕಿಟಕಿಯಲ್ಲಿ ಕಳೆದವು. ಅತ್ತೆ ಕಿಟಕಿಯ ಹೊರಗೆ ಚಾಪೆ ಹಾಸಿದರು. ಮಿತ್ರಾ ಅಲ್ಲಿ ಆಡಿದಳು, ಉಂಡಳು, ಮಧ್ಯಾಹ್ನ ನಿದ್ದೆ ಮಾಡಿದಳು. ಅವಳು ಹುಟ್ಟಿದ ಈ ನಾಲ್ಕು ವರ್ಷಗಳಲ್ಲಿ ನಾನು ಅವಳ ಹಗಲನ್ನು ಅಷ್ಟು ಉದ್ದಕ್ಕೆ ನೋಡಿದ್ದಿಲ್ಲ. ಹಗಲಲ್ಲಿ ಅವಳು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರು ಮತ್ತೆ ನೋಡಿ ಬಾಗಿಲು ತೆರೆಯಬಹುದು ಎಂದ ದಿನ ನಾನು ಮಂಡಿಯೂರಿ ಕೈ ಚಾಚಿದೆ. ಅವಳು ಬರಲಿಲ್ಲ. ಅಜ್ಜಿಯ ಹಿಂದೆ ನಿಂತು ನೋಡಿದಳು. ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಅವಸರ ಮಾಡಲಿಲ್ಲ. "ಇರ್ಲಿ ಕಣ್ಣು, ಬರ್ತಾಳೆ" ಎಂದು, ಮಕ್ಕಳನ್ನು ಮುದ್ದಿಗೆ ಕರೆಯುವ ಹಾಗೆ ನನ್ನನ್ನು ಕರೆದು, ತಾವೂ ನನ್ನ ಪಕ್ಕ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮಿತ್ರಾ ಬಂದು ನನ್ನ ಕಿವಿ ಮುಟ್ಟಿದಳು, ಓಲೆ ಅಲ್ಲಾಡಿಸಿದಳು, ಆಮೇಲೆ ಮಡಿಲಿಗೆ ಬಂದಳು.

ಕೆಲಸ ಹೋಗಲಿಲ್ಲ. ಆದರೆ ನಾನು ವಾಪಸಾದಾಗ ಚೆಕಿಂಗ್‌ಗೆ ಬೇರೆ ಸೂಪರ್‌ವೈಸರ್ ಬಂದಿದ್ದರು. ನನ್ನನ್ನು ಸ್ಯಾಂಪಲ್ ಸೆಕ್ಷನ್‌ಗೆ ಹಾಕಿದರು. ಕಾರಣ ಯಾರೂ ಹೇಳಲಿಲ್ಲ. ಮೊದಲ ದಿನ ಕ್ಯಾಂಟೀನಿನಲ್ಲಿ ನನ್ನ ಬೆಂಚು ಖಾಲಿ ಉಳಿಯಿತು. ಪೊನ್ನಿ ತನ್ನ ಡಬ್ಬಿ ಎತ್ತಿಕೊಂಡು ಬಂದು ಎದುರು ಕೂತಳು. "ನನಗೆ ಹೋದ ತಿಂಗಳು ಕೋರ್ಸ್ ಮುಗಿಯಿತು ಅಕ್ಕಾ. ಹಳೆಯ ಕಂಪನಿಯಲ್ಲಿ ಹೇಳಿದ್ದಕ್ಕೆ ತೆಗೆದುಹಾಕಿದ್ದರು, ಅದಕ್ಕೇ ಅವತ್ತು ಮುಖ ತಿರುಗಿಸಿದೆ" ಅಂದಳು. ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ ಅಂದಳೋ ಏನೋ. ನನ್ನ ಹಳೆಯ ಮೇಜಿನವರನ್ನು ಪರೀಕ್ಷೆಗೆ ಕಳಿಸಿದ್ದರು. ಒಬ್ಬಳಿಗೆ ಕಾಯಿಲೆ ಪತ್ತೆಯಾಗಿತ್ತು, ಬೇಗ ಪತ್ತೆಯಾಗಿತ್ತು. ಅವಳು ನನ್ನೊಂದಿಗೆ ಇನ್ನೂ ಮಾತಾಡುವುದಿಲ್ಲ. ಅವಳದು ತಪ್ಪು ಎಂದು ನನಗೆ ಅನ್ನಿಸುವುದಿಲ್ಲ.

ಆರನೆಯ ತಿಂಗಳು ಕಫ ಮತ್ತೊಮ್ಮೆ ಪರೀಕ್ಷೆ ಮಾಡಿ ಮಾತ್ರೆ ನಿಲ್ಲಿಸಿದರು. ಆ ದಿನ ಅತ್ತೆಯೂ ಮಿತ್ರಾಳೂ ಜೊತೆಗೆ ಬಂದಿದ್ದರು. ನಾನು ಚೀಟಿ ತೆಗೆದುಕೊಂಡು ಹೊರಗೆ ಬಂದಾಗ ಅತ್ತೆ ಕೂತಿದ್ದ ಜಾಗದಲ್ಲಿ ಇರಲಿಲ್ಲ. ಬೆಂಚಿನ ಆ ತುದಿಯಲ್ಲಿ ಒಬ್ಬ ಹುಡುಗಿ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು, ಮಾಸ್ಕಿನೊಳಗೇ ಬಿಕ್ಕುತ್ತಿದ್ದಳು. ಅವಳ ಕೂಸು ಪಕ್ಕದಲ್ಲಿ ಗಂಡನ ಕೈಯಲ್ಲಿತ್ತು. ಸುತ್ತ ಕೂತವರೆಲ್ಲ ಎಂದಿನಂತೆ ತಲೆ ತಗ್ಗಿಸಿದ್ದರು. ಅತ್ತೆ ಮಿತ್ರಾಳ ಕೈ ಹಿಡಿದು ಅವಳ ಪಕ್ಕಕ್ಕೆ ಹೋಗಿ ಕೂತಿದ್ದರು.

"ಅಳಬೇಡ ಕಣ್ಣು" ಅಂದರು ತಮಿಳಿನಲ್ಲಿ. ಆಮೇಲೆ, ಆ ತಗಡಿನ ಚಾವಣಿಯ ಕೆಳಗೆ ಕೂತ ಎಲ್ಲರೂ ತಲೆಯೆತ್ತಿ ನೋಡುವಷ್ಟು ದೊಡ್ಡ ದನಿಯಲ್ಲಿ, "ಎನಕ್ಕೂ ಟಿಬಿ ಇರುಂದದು" ಅಂದರು. ನನಗೂ ಟಿಬಿ ಇತ್ತು.